ಈ ಕಲ್ಲುಗಳ ಅರ್ಥವೇನು?



ಇಸ್ರಯೇಲರು ಜೋರ್ಡನ್ ನದಿಯನ್ನು ದಾಟಿದಾಗ ಕುಲಕ್ಕೊಂದರಂತೆ ಹನ್ನೆರಡು ಕಲ್ಲುಗಳನ್ನು ನದಿಯ ನಡುವಿನಿಂದ ಹೊತ್ತು ತಂದರು. ಯೆಹೋಶುವನು ಅವನ್ನು ಗಿಲ್ಗಾಲಿನಲ್ಲಿ ಸ್ಮಾರಕವಾಗಿ ನಿಲ್ಲಿಸಿದನು. ಯೆಹೋಶುವನ ಗ್ರಂಥದ 4ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಮುಂದೊಂದು ದಿನ ಮಕ್ಕಳು ಈ ಕಲ್ಲುಗಳ ಅರ್ಥವೇನೆಂದು ತಂದೆಯರನ್ನು ಕೇಳುವರು, ಆಗ ಅವರಿಗೆ ನಡೆದದ್ದನ್ನು ತಿಳಿಸಬೇಕು ಎಂದು ಅದೇ ಅಧ್ಯಾಯದಲ್ಲಿ ಎರಡು ಬಾರಿ ಹೇಳಲಾಗಿದೆ (4:6, 21). ಪಾಸ್ಕ ಹಬ್ಬದ ವಿಧಿಯನ್ನು ಕೊಡುವಾಗ ಮೋಶೆಯೂ ಇದನ್ನೇ ಹೇಳುತ್ತಾನೆ (ವಿಮೋಚನಾಕಾಂಡ 12:26).

ಅಂದರೆ ಪವಿತ್ರ ಗ್ರಂಥದಲ್ಲಿ ಸ್ಮಾರಕ ಮತ್ತು ಮಗುವಿನ ಪ್ರಶ್ನೆ ಒಟ್ಟಿಗೇ ಹುಟ್ಟುತ್ತವೆ. ಕಲ್ಲು ನೆಟ್ಟವರು ಮಕ್ಕಳ ಪ್ರಶ್ನೆಯನ್ನು ನಿರೀಕ್ಷಿಸಿಯೇ ನೆಟ್ಟಿದ್ದಾರೆ.

ಆದರೆ ಆ ಪ್ರಶ್ನೆ ಯಾವಾಗಲೂ ಸುಲಭವಾಗಿರುವುದಿಲ್ಲ. ಕಲ್ಲಿನ ಮೇಲೆ ಕೆತ್ತಿದ ಹೆಸರು ಯಾರದು ಎಂದು ಕೇಳಿದ ಮಗುವೇ ಬೆಳೆದು ವಿದ್ಯಾರ್ಥಿಯಾದ ಮೇಲೆ, ಕೆತ್ತದೆ ಬಿಟ್ಟ ಹೆಸರುಗಳು ಯಾರವು ಎಂದು ಕೇಳಬಹುದು. ಬಾಯಲ್ಲಿ ಕೇಳಿ ಸುಮ್ಮನಾಗದೆ ಪ್ರಬಂಧದಲ್ಲೋ ಕಾಲೇಜಿನ ಪತ್ರಿಕೆಯಲ್ಲೋ ಬರೆಯಬಹುದು. ಆಗ ಊರು ಏನು ಮಾಡುತ್ತದೆ? ಕ್ಯಾಥೋಲಿಕರೇ ಕೂಡಿ ಬಾಳುವ ಎರಡು ಸಮುದಾಯಗಳಲ್ಲಿ ನಡೆದದ್ದನ್ನು ಈ ವಾರ ನೋಡೋಣ. ಒಂದು ಜರ್ಮನಿಯದು, ಇನ್ನೊಂದು ಅಮೆರಿಕದ್ದು.

1. ಪಾಸೌ ನಗರದ ವಿದ್ಯಾರ್ಥಿನಿ

ಜರ್ಮನಿಯ ಬವೇರಿಯಾ ರಾಜ್ಯದಲ್ಲಿ ಡ್ಯಾನ್ಯೂಬ್, ಇನ್, ಇಲ್ಜ್ ಎಂಬ ಮೂರು ನದಿಗಳು ಕೂಡುವಲ್ಲಿ ಪಾಸೌ ಎಂಬ ಊರಿದೆ. ಅದು ಬಹು ಹಳೆಯ ಧರ್ಮಪ್ರಾಂತ್ಯದ ಕೇಂದ್ರ. ಅಲ್ಲಿಯ ಸಂತ ಸ್ತೇಫನರ ಪ್ರಧಾನಾಲಯದ ಆರ್ಗನ್ ವಾದ್ಯ ಜಗತ್ಪ್ರಸಿದ್ಧ. ಯುದ್ಧ ಮುಗಿದ ಮೇಲೆ ಆ ಊರು ತನ್ನ ಬಗ್ಗೆ ಒಂದು ಕಥೆಯನ್ನು ಹೇಳಿಕೊಳ್ಳುತ್ತಾ ಬಂದಿತ್ತು. 1933ರಿಂದ 1945ರವರೆಗಿನ ನಾಜಿ ಆಳ್ವಿಕೆಯಲ್ಲಿ ನಮ್ಮ ಊರು ಮನಸ್ಸಿನಲ್ಲಾದರೂ ತಲೆಬಾಗಲಿಲ್ಲ, ನಮ್ಮವರು ಒಳಗೊಳಗೇ ಎದುರಿಸಿ ನಿಂತರು ಎಂಬುದೇ ಆ ಕಥೆ.

1980ರಲ್ಲಿ ಜರ್ಮನಿಯ ರಾಷ್ಟ್ರಾಧ್ಯಕ್ಷರ ಹೆಸರಿನಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಇತಿಹಾಸ ಸ್ಪರ್ಧೆ ಏರ್ಪಟ್ಟಿತು. ನಾಜಿ ಕಾಲದ ದಿನನಿತ್ಯದ ಬದುಕು ಅದರ ವಿಷಯ. ಪಾಸೌ ನಗರದ ಆನಾ ರೋಸ್ಮಸ್ ಎಂಬ ಇಪ್ಪತ್ತು ವರ್ಷದ ಕ್ಯಾಥೋಲಿಕ ವಿದ್ಯಾರ್ಥಿನಿ ತನ್ನ ಊರಿನ ಬಗ್ಗೆಯೇ ಬರೆಯಲು ಹೊರಟರು. ಊರಿನ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಊರಿನವರು ಹೇಗೆ ಧೈರ್ಯದಿಂದ ನಿಂತರು ಎಂಬ ಹೆಮ್ಮೆಯ ಕಥೆಯೇ ಸಿಗುವುದೆಂದು ಅವರು ನಂಬಿದ್ದರು.

ಹಿರಿಯರನ್ನು ಕಂಡು ಮಾತನಾಡಿಸಿದರು, ಹಳೆಯ ಪತ್ರಿಕೆಗಳನ್ನು ತಿರುವಿ ಹಾಕಿದರು. ಸಿಕ್ಕಿದ್ದು ಬೇರೆಯೇ. ಗಣ್ಯರೆನಿಸಿಕೊಂಡ ಕೆಲವರು ನಾಜಿ ಪಕ್ಷದ ಜೊತೆಗಿದ್ದವರು. ಊರಿನ ಯೆಹೂದಿ ಕುಟುಂಬಗಳನ್ನು ಹಿಂಸಿಸಿ ಓಡಿಸಿದಾಗ ನೆರೆಹೊರೆಯವರು ನೋಡುತ್ತಾ ನಿಂತಿದ್ದರು. ಇನ್ನೂ ಆಳಕ್ಕೆ ಹೋಗಲು ನಗರದ ದಾಖಲೆಗಳು ಬೇಕಾದಾಗ ಬಾಗಿಲು ಮುಚ್ಚಿತು. ರೋಸ್ಮಸ್ ನ್ಯಾಯಾಲಯದ ಮೆಟ್ಟಿಲೇರಿ ಆ ಕಡತಗಳನ್ನು ನೋಡುವ ಹಕ್ಕನ್ನು ಗೆದ್ದುಕೊಳ್ಳಬೇಕಾಯಿತು. 1983ರಲ್ಲಿ ಅವರ ಸಂಶೋಧನೆ ಪುಸ್ತಕವಾಗಿ ಹೊರಬಂದಿತು.

ಊರಿನ ಪ್ರತಿಕ್ರಿಯೆ ಏನು? ತನ್ನ ಗೂಡನ್ನೇ ಹೊಲಸು ಮಾಡುವ ಹಕ್ಕಿ ಎಂಬ ಬೈಗುಳ. ಬೆದರಿಕೆಯ ಕರೆಗಳು, ಕೊಲ್ಲುವುದಾಗಿ ಹೇಳುವ ಪತ್ರಗಳು. ಸಣ್ಣ ಹುಡುಗಿಗೆ ಹಳೆಯದನ್ನು ಕೆದಕುವ ಕೆಲಸ ಏಕೆ ಎಂಬ ಮಾತು. ಹೊರಗಿನ ಜಗತ್ತು ಮಾತ್ರ ಅವರನ್ನು ಗೌರವಿಸಿತು. 1984ರಲ್ಲಿ ಮ್ಯೂನಿಕ್ ನಗರವೂ ಬವೇರಿಯಾದ ಪ್ರಕಾಶಕರೂ ಸೇರಿ ಕೊಡುವ ಶೋಲ್ ಸೋದರ-ಸೋದರಿ ಪ್ರಶಸ್ತಿ ಬಂತು. 1990ರಲ್ಲಿ ಅವರ ಅನುಭವವನ್ನು ಆಧರಿಸಿದ ಚಲನಚಿತ್ರವೂ ತೆರೆಗೆ ಬಂತು. ಆದರೂ 1994ರಲ್ಲಿ ಅವರು ಹುಟ್ಟೂರನ್ನು ಬಿಟ್ಟು ಅಮೆರಿಕದಲ್ಲಿ ನೆಲೆಸಿದರು.

ಇಲ್ಲಿ ನ್ಯಾಯವಾಗಿ ಒಂದು ಮಾತನ್ನು ಸೇರಿಸಬೇಕು. ನಾಜಿಗಳನ್ನು ಎದುರಿಸಿದ ಕ್ಯಾಥೋಲಿಕರು ನಿಜವಾಗಿಯೂ ಇದ್ದರು. ಡಾಖಾವ್ ಸೆರೆಶಿಬಿರ ಒಂದರಲ್ಲೇ 2,500ಕ್ಕೂ ಹೆಚ್ಚು ಕ್ಯಾಥೋಲಿಕ ಗುರುಗಳು ಬಂದಿಗಳಾಗಿದ್ದರು. ಅವರಲ್ಲಿ ಬಹುಪಾಲು ಪೋಲೆಂಡಿನವರು. ಅವರ ಸಾಕ್ಷ್ಯ ಅಮೂಲ್ಯವಾದುದು. ಆದರೆ ಕೆಲವರ ರಕ್ತಸಾಕ್ಷ್ಯವನ್ನು ಉಳಿದವರ ಮೌನಕ್ಕೆ ಹೊದಿಕೆಯಾಗಿ ಬಳಸಬಾರದು. ಆಷ್‌ವಿಟ್ಜ್ ಸೆರೆಶಿಬಿರ ಬಿಡುಗಡೆಯಾಗಿ 50 ವರ್ಷ ತುಂಬಿದ 1995ರ ಜನವರಿಯಲ್ಲಿ ಜರ್ಮನಿಯ ಧರ್ಮಾಧ್ಯಕ್ಷರೇ ಹೇಳಿಕೆ ಹೊರಡಿಸಿ, ಆ ಕಾಲದ ಕ್ಯಾಥೋಲಿಕರಲ್ಲೂ ಸೋಲು ಮತ್ತು ಅಪರಾಧ ಇದ್ದವೆಂದು ಒಪ್ಪಿಕೊಂಡರು. ವಿದ್ಯಾರ್ಥಿನಿಯೊಬ್ಬಳು ಕೇಳಿದಾಗ ಕೇಳಬಾರದ ಪ್ರಶ್ನೆಯಾಗಿದ್ದದ್ದು ಹದಿನೈದು ವರ್ಷಗಳ ನಂತರ ಧರ್ಮಾಧ್ಯಕ್ಷರ ಹೇಳಿಕೆಯಲ್ಲಿ ಉತ್ತರ ಪಡೆಯಿತು.

2. ಪ್ರವಾದಿಗಳ ಗೋರಿಗಳು

ರೋಸ್ಮಸ್ ಅವರಿಗೆ ಬಂದ ಪ್ರಶಸ್ತಿಯಲ್ಲಿ ಇರುವ ಹೆಸರುಗಳನ್ನು ಗಮನಿಸಿ. ಹಾನ್ಸ್ ಮತ್ತು ಸೋಫಿ ಶೋಲ್ ಮ್ಯೂನಿಕ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು, ಅಣ್ಣ ತಂಗಿ. ಗೆಳೆಯರೊಂದಿಗೆ ಸೇರಿ 'ಶ್ವೇತ ಗುಲಾಬಿ' ಎಂಬ ಹೆಸರಿನಲ್ಲಿ ನಾಜಿ ಆಳ್ವಿಕೆಯ ಅನ್ಯಾಯವನ್ನು ಬಯಲಿಗೆಳೆಯುವ ಕರಪತ್ರಗಳನ್ನು ಬರೆದು ಹಂಚಿದರು. 1943ರ ಫೆಬ್ರವರಿ 18ರಂದು ವಿಶ್ವವಿದ್ಯಾನಿಲಯದಲ್ಲಿ ಕರಪತ್ರ ಹಂಚುವಾಗ ಅಲ್ಲಿಯ ಸಿಬ್ಬಂದಿಯೊಬ್ಬನು ಅವರನ್ನು ಹಿಡಿದುಕೊಟ್ಟನು. ಫೆಬ್ರವರಿ 22ರಂದು ಅವರ ತಲೆ ಕಡಿಯಲಾಯಿತು. ಅದೇ ದಿನ ಪ್ರಾಣ ತೆತ್ತ ಗೆಳೆಯ ಕ್ರಿಸ್ಟೋಫ್ ಪ್ರೋಬ್ಸ್ಟ್ ಮರಣಕ್ಕೆ ಸ್ವಲ್ಪ ಮುಂಚೆ ಸೆರೆಮನೆಯಲ್ಲೇ ಕ್ಯಾಥೋಲಿಕ ಗುರುಗಳಿಂದ ದೀಕ್ಷಾಸ್ನಾನ ಪಡೆದಿದ್ದರು.

ಅವರು ಸತ್ತ ಮೇಲೆ ವಿಶ್ವವಿದ್ಯಾನಿಲಯದಲ್ಲಿ ಸಭೆ ಸೇರಿತು. ನೆರೆದ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದ್ದು ಅವರನ್ನು ಹಿಡಿದುಕೊಟ್ಟವನಿಗೆ! ಇಂದು ಅದೇ ವಿಶ್ವವಿದ್ಯಾನಿಲಯದ ಎದುರಿನ ಚೌಕಕ್ಕೆ ಶೋಲ್ ಅವರ ಹೆಸರಿದೆ. ಚದುರಿ ಬಿದ್ದ ಕರಪತ್ರಗಳ ಪ್ರತಿರೂಪಗಳನ್ನು ನೆಲದ ಕಲ್ಲುಹಾಸಿನಲ್ಲೇ ಅಳವಡಿಸಿದ್ದಾರೆ. ಅಂದು ದೇಶದ್ರೋಹವೆನಿಸಿದ ಬರಹ ಇಂದು ಸ್ಮಾರಕ.

ಯೇಸುಸ್ವಾಮಿ ಧರ್ಮಶಾಸ್ತ್ರಿಗಳಿಗೂ ಫರಿಸಾಯರಿಗೂ ಹೇಳಿದ ಕಠಿಣವಾದ ಮಾತು ಇಲ್ಲಿ ನೆನಪಾಗುತ್ತದೆ. ನೀವು ಪ್ರವಾದಿಗಳಿಗೆ ಗೋರಿ ಕಟ್ಟಿ ಅಲಂಕರಿಸುತ್ತೀರಿ, ನಮ್ಮ ಪಿತೃಗಳ ಕಾಲದಲ್ಲಿ ನಾವಿದ್ದಿದ್ದರೆ ಅವರನ್ನು ಕೊಲ್ಲುತ್ತಿರಲಿಲ್ಲ ಎನ್ನುತ್ತೀರಿ ಎಂದು ಅವರು ಆಕ್ಷೇಪಿಸುತ್ತಾರೆ (ಮತ್ತಾಯ 23:29-31). ಸತ್ತ ಪ್ರವಾದಿಗೆ ಹಾರ ಹಾಕುವುದು ಸುಲಭ. ಜೀವಂತ ಪ್ರಶ್ನೆ ಕೇಳುವವನನ್ನು ಸಹಿಸುವುದೇ ಕಷ್ಟ.

3. ಜಾರ್ಜ್‌ಟೌನ್: ಕೇಳಿಸಿಕೊಂಡ ಸಮುದಾಯ

ಈಗ ಎರಡನೆಯ ಉದಾಹರಣೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿರುವ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯ ಆ ದೇಶದ ಅತಿ ಹಳೆಯ ಕ್ಯಾಥೋಲಿಕ ವಿಶ್ವವಿದ್ಯಾನಿಲಯ. 1789ರಲ್ಲಿ ಸ್ಥಾಪನೆಯಾದ ಅದನ್ನು ಯೇಸುಸಭೆಯ ಗುರುಗಳು ಬೆಳೆಸಿದರು. ಅಲ್ಲಿಯ ಎರಡು ಕಟ್ಟಡಗಳಿಗೆ ಮಲೆಡಿ ಮತ್ತು ಮ್ಯಾಕ್‌ಷೆರಿ ಎಂಬ ಇಬ್ಬರು ಗುರುಗಳ ಹೆಸರಿತ್ತು. ಇಬ್ಬರೂ ಆ ಸಂಸ್ಥೆಯ ಅಧ್ಯಕ್ಷರಾಗಿದ್ದವರು, ಮೇರಿಲ್ಯಾಂಡ್ ಪ್ರಾಂತ್ಯದ ಯೇಸುಸಭೆಯ ಶ್ರೇಷ್ಠರಾಗಿದ್ದವರು.

ಅವರ ಹೆಸರಿನ ಹಿಂದೆ ಇನ್ನೊಂದು ಸಂಗತಿಯಿತ್ತು. ಮೇರಿಲ್ಯಾಂಡಿನ ಯೇಸುಸಭೆಗೆ ಹೊಲತೋಟಗಳಿದ್ದವು, ಅಲ್ಲಿ ದುಡಿಯಲು ಆಫ್ರಿಕನ್ ಮೂಲದ ಗುಲಾಮರಿದ್ದರು. 1838ರಲ್ಲಿ ಆ 272 ಜನರನ್ನು, ಅಂದರೆ ಗಂಡಸರು, ಹೆಂಗಸರು, ಮಕ್ಕಳನ್ನು, 1,15,000 ಡಾಲರಿಗೆ ದಕ್ಷಿಣದ ಲೂಯಿಸಿಯಾನಾದ ತೋಟಗಳಿಗೆ ಮಾರಲು ಒಪ್ಪಂದವಾಯಿತು. ಕುಟುಂಬಗಳನ್ನು ಅಗಲಿಸಬಾರದು, ಅವರ ಧಾರ್ಮಿಕ ಜೀವನಕ್ಕೆ ಅಡ್ಡಿಯಾಗಬಾರದು, ಹಣವನ್ನು ಸಾಲ ತೀರಿಸಲು ಬಳಸಬಾರದು ಎಂದು ರೋಮಿನಲ್ಲಿದ್ದ ಯೇಸುಸಭೆಯ ಮಹಾಶ್ರೇಷ್ಠರು ಷರತ್ತು ಹಾಕಿದ್ದರು. ಆ ಷರತ್ತುಗಳು ಮುರಿದವು. ಬಂದ ಹಣದ ಒಂದು ಭಾಗ ಕಾಲೇಜಿನ ಸಾಲಕ್ಕೆ ಹೋಯಿತು. ಮಾರಾಟವಾದವರಲ್ಲಿ ಅನೇಕರು ದೀಕ್ಷಾಸ್ನಾನ ಪಡೆದ ಕ್ಯಾಥೋಲಿಕರು. ಅವರನ್ನು ಮಾರಿದವರು ಅವರಿಗೆ ಪರಮಪ್ರಸಾದ ಕೊಟ್ಟ ಸಭೆಯವರೇ!

ಈ ಸಂಗತಿ ರಹಸ್ಯವಾಗಿರಲಿಲ್ಲ. ಇತಿಹಾಸಕಾರರಿಗೆ ಗೊತ್ತಿತ್ತು, ದಾಖಲೆಗಳು ಭದ್ರವಾಗಿದ್ದವು. ಗೊತ್ತಿದ್ದೂ ಯಾರೂ ಮಾತನಾಡುತ್ತಿರಲಿಲ್ಲ, ಅಷ್ಟೇ. 2014ರಲ್ಲಿ ವಿದ್ಯಾರ್ಥಿಗಳೇ ನಡೆಸುವ 'ದಿ ಹೋಯಾ' ಪತ್ರಿಕೆಯಲ್ಲಿ ವಿದ್ಯಾರ್ಥಿಯೊಬ್ಬ ತನ್ನ ಅಂಕಣದಲ್ಲಿ ಇದನ್ನು ಬರೆದ. ಗುಲಾಮರ ಮಾರಾಟದಿಂದ ಬಂದ ಹಣದ ಋಣ ಈ ವಿಶ್ವವಿದ್ಯಾನಿಲಯದ ಮೇಲಿದೆ ಎಂಬ ವಿಷಯ ಮತ್ತೆ ಎಲ್ಲರ ಎದುರಿಗೆ ಬಂದಿತು. 2015ರಲ್ಲಿ ಮಲೆಡಿ ಕಟ್ಟಡ ವಿದ್ಯಾರ್ಥಿನಿಲಯವಾಗಿ ಮತ್ತೆ ತೆರೆಯುವ ಹೊತ್ತಿಗೆ ಆ ಹೆಸರು ಅಲ್ಲಿರಬೇಕೇ ಎಂಬ ಪ್ರಶ್ನೆ ಬಲವಾಯಿತು. ಆ ವರ್ಷವೇ ವಿಶ್ವವಿದ್ಯಾನಿಲಯವು ಗುಲಾಮಗಿರಿ, ಸ್ಮರಣೆ ಮತ್ತು ಸಂಧಾನದ ಬಗ್ಗೆ ಒಂದು ಸಮಿತಿಯನ್ನು ನೇಮಿಸಿತು. ನವೆಂಬರಿನಲ್ಲಿ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯ ಹೊರಗೆ ಧರಣಿ ಕುಳಿತರು, ಹಳೆಯ ಹೆಸರುಗಳು ಇಳಿದವು.

ಅಲ್ಲಿಯೂ ಎಲ್ಲರೂ ಒಪ್ಪಲಿಲ್ಲ. ಅಂದಿನವರನ್ನು ಇಂದಿನ ಅಳತೆಗೋಲಿನಿಂದ ಅಳೆಯುವುದು ಸರಿಯೇ ಎಂದು ಕೇಳಿದವರಿದ್ದರು. 2019ರಲ್ಲಿ ಆ ಗುಲಾಮರ ವಂಶಜರಿಗಾಗಿ ಪ್ರತಿ ಅರ್ಧವರ್ಷಕ್ಕೆ 27 ಡಾಲರ್ 20 ಸೆಂಟ್ ಶುಲ್ಕ ಕೊಡೋಣವೇ ಎಂದು ವಿದ್ಯಾರ್ಥಿಗಳಲ್ಲೇ ಮತ ಹಾಕಿಸಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಒಪ್ಪಿತು, ಒಂದು ಪಾಲು ಒಪ್ಪಲಿಲ್ಲ. ಭಿನ್ನಾಭಿಪ್ರಾಯ ಅಲ್ಲಿಯೂ ಇತ್ತು. ಆದರೆ ಪ್ರಶ್ನೆ ಕೇಳಿದ ವಿದ್ಯಾರ್ಥಿಗಳ ಎದುರಿಗೆ ಸಂಸ್ಥೆ ದಾಖಲೆಗಳ ಬಾಗಿಲು ಮುಚ್ಚಲಿಲ್ಲ.

ಬಾಗಿಲು ತೆರೆದಾಗ ಏನಾಯಿತು ನೋಡಿ. ಮಾರಾಟವಾದವರು ಏನಾದರು ಎಂದು ಹಳೆಯ ವಿದ್ಯಾರ್ಥಿಯೊಬ್ಬರು ವಿಚಾರಿಸಿದಾಗ, ಅವರೆಲ್ಲ ಜ್ವರದಿಂದ ಬೇಗನೆ ಸತ್ತುಹೋದರು ಎಂಬ ಉತ್ತರ ಬಂದಿತ್ತು. ಅವರು ಅದನ್ನು ನಂಬದೆ ವಂಶಾವಳಿ ತಜ್ಞರ ನೆರವಿನಿಂದ ಹುಡುಕಿಸಿದರು. ಸಾವಿರಾರು ವಂಶಜರು ಸಿಕ್ಕಿದರು, ಅವರಲ್ಲಿ ಅನೇಕರು ಇಂದಿಗೂ ಕ್ಯಾಥೋಲಿಕರು! ತಮ್ಮನ್ನು ಮಾರಿದ ಸಭೆಯ ವಿಶ್ವಾಸವನ್ನು ಆ ಜನ ಕೈಬಿಡಲಿಲ್ಲ. 2017ರ ಏಪ್ರಿಲ್ 18ರಂದು ನೂರಕ್ಕೂ ಹೆಚ್ಚು ವಂಶಜರ ಎದುರಿನಲ್ಲಿ ಪಶ್ಚಾತ್ತಾಪದ ಆರಾಧನೆ ನಡೆಯಿತು. ಅಮೆರಿಕದ ಯೇಸುಸಭೆಯ ಪರವಾಗಿ ಅದರ ಮುಖ್ಯಸ್ಥರು ತಾವು ಘೋರ ಪಾಪ ಮಾಡಿದ್ದೇವೆಂದು ಒಪ್ಪಿಕೊಂಡು ಕ್ಷಮೆ ಕೇಳಿದರು. ಒಂದು ಕಟ್ಟಡಕ್ಕೆ ಮಾರಾಟದ ಪಟ್ಟಿಯಲ್ಲಿ ಮೊದಲ ಹೆಸರಾಗಿದ್ದ ಐಸಾಕ್ ಹಾಕಿನ್ಸ್ ಅವರ ಹೆಸರನ್ನು ಇಟ್ಟರು. ಇನ್ನೊಂದಕ್ಕೆ ಜಾರ್ಜ್‌ಟೌನಿನಲ್ಲಿ ಕಪ್ಪು ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸಿ ನಂತರ ಕನ್ಯಾಸ್ತ್ರೀಯಾದ ಆನ್ ಮೇರಿ ಬೆಕ್ರಾಫ್ಟ್ ಅವರ ಹೆಸರನ್ನು ಇಟ್ಟರು. 2021ರಲ್ಲಿ ಯೇಸುಸಭೆಯು ವಂಶಜರೊಂದಿಗೆ ಸೇರಿ ಸ್ಥಾಪಿಸಿದ ನಿಧಿಗೆ 10 ಕೋಟಿ ಡಾಲರ್ ಕೊಡುವುದಾಗಿ ಮಾತು ಕೊಟ್ಟಿತು.

ಸ್ಮರಣೆ ಅಲ್ಲಿ ಅಳಿಯಲಿಲ್ಲ, ಬೆಳೆಯಿತು. ಇಬ್ಬರ ಹೆಸರಿದ್ದ ಜಾಗದಲ್ಲಿ 272 ಜನರ ನೆನಪು ಬಂದು ಸೇರಿತು.

4. ಕೋಪ ಏಕೆ ಬರುತ್ತದೆ?

ಪಾಸೌ ಜನರನ್ನು ದೂರುವ ಮೊದಲು ಅವರ ಕೋಪವನ್ನು ಅರ್ಥಮಾಡಿಕೊಳ್ಳೋಣ. ಹಿರಿಯರನ್ನು ಗೌರವಿಸುವುದು ಒಳ್ಳೆಯ ಗುಣ. ತಂದೆತಾಯಿಗೂ ನಾಡಿಗೂ ನಾವು ಸಲ್ಲಿಸಬೇಕಾದ ಭಕ್ತಿಗೌರವವನ್ನು ಸಂತ ತೋಮಾಸ್ ಅಕ್ವಿನಾಸರು ಒಂದು ಸದ್ಗುಣವೆಂದೇ ಎಣಿಸುತ್ತಾರೆ. ಸತ್ತ ಅಜ್ಜನ ಬಗ್ಗೆ ಯಾರಾದರೂ ಬರೆದರೆ ಮೊಮ್ಮಗನಿಗೆ ನೋವಾಗುವುದು ಸಹಜ. ಆ ನೋವಿಗೆ ಬೆಲೆಯಿದೆ.

ಆದರೆ ಅದೇ ಸಂತರು ಸತ್ಯವನ್ನು ಹೇಳುವುದನ್ನೂ ಒಂದು ಸದ್ಗುಣವೆಂದು ಎಣಿಸುತ್ತಾರೆ. ಹಿರಿಯರ ಗೌರವ, ಸತ್ಯ ಎರಡನ್ನೂ ಅವರು ನ್ಯಾಯದ ಅಡಿಯಲ್ಲೇ ಇಡುತ್ತಾರೆ. ಇಬ್ಬರೂ ಒಂದೇ ತಾಯಿಯ ಮಕ್ಕಳು. ಆದ್ದರಿಂದ ಸುಳ್ಳಿನ ಮೇಲೆ ನಿಂತ ಗೌರವ ಗೌರವವಲ್ಲ. ಅಜ್ಜನಿಗೆ ಸಲ್ಲಬೇಕಾದದ್ದು ಅಜ್ಜನಿಗೆ ಸಲ್ಲಬೇಕು. ಅಜ್ಜನಿಂದ ಅನ್ಯಾಯವಾದವರಿಗೆ ಸಲ್ಲಬೇಕಾದದ್ದು ಅವರಿಗೂ ಸಲ್ಲಬೇಕು.

5. ನಮ್ಮ ಅತಿ ದೊಡ್ಡ ಸ್ಮರಣೆ

ನಾಲ್ಕೂ ಶುಭಸಂದೇಶಗಳನ್ನು ತೆರೆದು ನೋಡಿ. ಪ್ರೇಷಿತರ ಮುಖಂಡನಾದ ಪೇತ್ರನು ಕೋಳಿ ಕೂಗುವ ಮುನ್ನ ಸ್ವಾಮಿಯನ್ನು ಅಲ್ಲಗಳೆದದ್ದು ನಾಲ್ಕರಲ್ಲೂ ಇದೆ. ಸಭೆಯ ಹೆಸರು ಕೆಡುವುದೆಂದು ಯಾರೂ ಅದನ್ನು ಅಳಿಸಲಿಲ್ಲ. ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನು ಮುಖಾಮುಖಿ ಖಂಡಿಸಿದ್ದೂ ಪವಿತ್ರ ಗ್ರಂಥದಲ್ಲಿ ಉಳಿದಿದೆ (ಗಲಾತ್ಯ 2:11). ನಾವು ಪ್ರತಿದಿನ ಆಚರಿಸುವ ಬಲಿಪೂಜೆ ಸ್ವಾಮಿಯ ಸ್ಮರಣೆ. ಅದು ನಮ್ಮ ಪಾಪಗಳ ಒಪ್ಪಿಗೆಯಿಂದ ಆರಂಭವಾಗುತ್ತದೆ. ಸ್ವಾಮಿ ರೊಟ್ಟಿಯನ್ನು ತೆಗೆದುಕೊಂಡದ್ದು ಅವರನ್ನು ಹಿಡಿದುಕೊಟ್ಟ ರಾತ್ರಿಯಲ್ಲೇ ಎಂದು ಸಂತ ಪೌಲರು ನೆನಪಿಸುತ್ತಾರೆ (1 ಕೊರಿಂಥ 11:23). ತನ್ನ ಶಿಷ್ಯರ ದ್ರೋಹವನ್ನು ಮರೆಮಾಚದ ಈ ಸ್ಮರಣೆಯಿಂದಲೇ ಧರ್ಮಸಭೆ ಎರಡು ಸಾವಿರ ವರ್ಷ ಬದುಕಿದೆ.

ಧರ್ಮಸಭೆಯ ಬೋಧನೆಯೂ ಇದೇ ದಾರಿಯಲ್ಲಿದೆ. ಹದಿಮೂರನೆಯ ಲಿಯೋ ಜಗದ್ಗುರುಗಳು 1881ರಲ್ಲಿ ವ್ಯಾಟಿಕನ್ ದಾಖಲೆಗಳನ್ನು ವಿದ್ವಾಂಸರಿಗೆ ತೆರೆದರು. ಎರಡು ವರ್ಷಗಳ ನಂತರ ಬರೆದ ಪತ್ರವೊಂದರಲ್ಲಿ, ಇತಿಹಾಸ ಬರೆಯುವವನು ಸುಳ್ಳು ಹೇಳುವ ಧೈರ್ಯ ಮಾಡಬಾರದು, ಸತ್ಯ ಹೇಳಲು ಹೆದರಬಾರದು ಎಂಬ ನಿಯಮವನ್ನು ನೆನಪಿಸಿದರು. ಎರಡನೆಯ ಜಾನ್ ಪೌಲ್ ಜಗದ್ಗುರುಗಳು 1994ರಲ್ಲಿ, ಹೊಸ ಸಹಸ್ರಮಾನಕ್ಕೆ ಕಾಲಿಡುವ ಮುನ್ನ ಧರ್ಮಸಭೆ ತನ್ನ ಮಕ್ಕಳ ಪಾಪಗಳನ್ನು ಒಪ್ಪಿಕೊಳ್ಳಬೇಕೆಂದು ಬರೆದರು. 2000ದ ಮಾರ್ಚ್ 12ರಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಎಲ್ಲರ ಎದುರಿಗೆ ಕ್ಷಮೆ ಬೇಡಿದರು. 2020ರ ಮಾರ್ಚ್ 2ರಂದು ಫ್ರಾನ್ಸಿಸ್ ಜಗದ್ಗುರುಗಳ ನಿರ್ಧಾರದಂತೆ ಹನ್ನೆರಡನೆಯ ಪಿಯುಸ್ ಜಗದ್ಗುರುಗಳ ಕಾಲದ ದಾಖಲೆಗಳೂ ಸಂಶೋಧಕರಿಗೆ ತೆರೆದವು.

6. ಬರೆಯುವ ಯುವಜನರಿಗೆ

ಪ್ರೀತಿಯ ಯುವಜನರೇ, ಪ್ರಶ್ನಿಸುವುದಕ್ಕೆ ನಿಮಗೆ ಹಕ್ಕಿದೆ. ಸಭೆಯ ಒಳಿತಿಗೆ ಸಂಬಂಧಿಸಿದ ವಿಷಯಗಳಲ್ಲಿ ತಮ್ಮ ಅಭಿಪ್ರಾಯವನ್ನು ಗೌರವದಿಂದ ತಿಳಿಸುವ ಹಕ್ಕು, ಕೆಲವೊಮ್ಮೆ ಕರ್ತವ್ಯವೂ, ವಿಶ್ವಾಸಿಗಳಿಗಿದೆ ಎಂದು 1983ರ ಧರ್ಮಸಭಾ ಕಾನೂನಿನ 212ನೆಯ ನಿಯಮ ಹೇಳುತ್ತದೆ. ಅದೇ ಗ್ರಂಥದ 220ನೆಯ ನಿಯಮ ಇನ್ನೊಬ್ಬರ ಒಳ್ಳೆಯ ಹೆಸರನ್ನು ಅನ್ಯಾಯವಾಗಿ ಕೆಡಿಸಬಾರದೆಂದು ಎಚ್ಚರಿಸುತ್ತದೆ. ಎರಡನ್ನೂ ಒಟ್ಟಿಗೆ ಓದಿ.

ಕೇಳಿದ್ದನ್ನು ಬರೆಯಬೇಡಿ, ದಾಖಲೆಯಲ್ಲಿ ಕಂಡದ್ದನ್ನು ಬರೆಯಿರಿ. ಸತ್ತವರು ಎದ್ದು ಬಂದು ಉತ್ತರ ಹೇಳಲಾರರು, ಆದ್ದರಿಂದ ಅವರ ಪರವಾಗಿ ಹೇಳಬಹುದಾದದ್ದನ್ನೂ ಹುಡುಕಿ. ಅಂದಿನ ಭಯ, ಬಡತನ, ಒತ್ತಡಗಳನ್ನು ಗಣನೆಗೆ ತೆಗೆದುಕೊಳ್ಳಿ. ಹಿರಿಯರ ಮನೆಗೆ ಹೋಗಿ, ಕುಳಿತು ಕೇಳಿ, ಆಮೇಲೆ ಬರೆಯಿರಿ. ತಪ್ಪು ಬರೆದಿದ್ದರೆ ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದಿ.

7. ಹಿರಿಯರಿಗೆ, ಪಾಲಕರಿಗೆ

ನಮ್ಮ ಧರ್ಮಕೇಂದ್ರಗಳಲ್ಲೂ ಕಲ್ಲಿನ ಫಲಕಗಳಿವೆ, ಶತಮಾನೋತ್ಸವದ ಸ್ಮರಣ ಸಂಚಿಕೆಗಳಿವೆ, ಸ್ಮಶಾನದಲ್ಲಿ ಹೆಸರಿರುವ ಗೋರಿಗಳೂ ಹೆಸರಿಲ್ಲದ ಗುಡ್ಡೆಗಳೂ ಇವೆ. ಭೂಮಿ ದಾನ ಮಾಡಿದವರ ಹೆಸರು ಫಲಕದಲ್ಲಿರುತ್ತದೆ, ಆ ಗೋಡೆಗೆ ಕಲ್ಲು ಹೊತ್ತವರ ಹೆಸರು ಇರುವುದು ಅಪರೂಪ. ನಾಳೆ ನಿಮ್ಮ ಮಗಳು ಅದನ್ನು ಗಮನಿಸಿ ಕಾಲೇಜಿನ ಪತ್ರಿಕೆಯಲ್ಲಿ ಬರೆದರೆ, ಅವಳ ಬರಹದಲ್ಲಿ ಹುರುಳಿದೆಯೇ ಎಂದು ಮೊದಲು ನೋಡಿ. ಅವಳ ವಯಸ್ಸನ್ನೂ ಧಾಟಿಯನ್ನೂ ಆಮೇಲೆ ವಿಚಾರಿಸಬಹುದು. ತಾನಿನ್ನೂ ಬಾಲಕನೆಂದು ಹಿಂಜರಿದ ಯೆರೆಮೀಯನಿಗೆ ದೇವರು ಹಾಗೆನ್ನಬೇಡ ಎಂದರು (ಯೆರೆಮೀಯ 1:7). ಬರೆದದ್ದು ತಪ್ಪಾದರೆ ಆಧಾರ ತೋರಿಸಿ ತಿದ್ದಿ. ಸರಿಯಾದರೆ ಅವಳ ಪಕ್ಕದಲ್ಲಿ ನಿಲ್ಲಿ. ಬೆದರಿಕೆಗೆ, ಬಹಿಷ್ಕಾರಕ್ಕೆ, ಮನೆಯವರನ್ನು ಹೀಯಾಳಿಸುವುದಕ್ಕೆ ಕ್ರೈಸ್ತರಲ್ಲಿ ಎಡೆಯಿಲ್ಲ. ಪಾಸೌ ಒಬ್ಬ ಮಗಳನ್ನು ಕಳೆದುಕೊಂಡಿತು. ಜಾರ್ಜ್‌ಟೌನ್ ಸಾವಿರಾರು ಬಂಧುಗಳನ್ನು ಪಡೆಯಿತು.

ಮನೆಯಲ್ಲಿ ಕುಳಿತು ಚರ್ಚಿಸಲು

1. ನಮ್ಮ ಕುಟುಂಬದ ಅಥವಾ ಧರ್ಮಕೇಂದ್ರದ ಚರಿತ್ರೆಯಲ್ಲಿ ಮಕ್ಕಳು ಕೇಳಿದಾಗ ನಾವು ಮಾತು ಬದಲಿಸುವ ವಿಷಯ ಯಾವುದು?

2. ನಮ್ಮ ಫಲಕಗಳಲ್ಲಿ, ಸಂಚಿಕೆಗಳಲ್ಲಿ ಯಾರ ಹೆಸರು ಬಿಟ್ಟುಹೋಗಿದೆ? ಅವರ ಮಕ್ಕಳು ಇಂದು ಎಲ್ಲಿದ್ದಾರೆ?

3. ಯೆಹೋಶುವ 4ನೆಯ ಅಧ್ಯಾಯವನ್ನು ರಾತ್ರಿಯ ಜಪಸರದ ನಂತರ ಓದಿ. ಮನೆಯ ಅತಿ ಕಿರಿಯರಿಗೆ ಒಂದು ಪ್ರಶ್ನೆ ಕೇಳಲು ಹೇಳಿ. ಹಿರಿಯರು ಉತ್ತರ ಕೊಡಲಿ.

ಪ್ರಾರ್ಥನೆ: ಸತ್ಯಸ್ವರೂಪರಾದ ದೇವರೇ, ನಮಗಿಂತ ಮುಂಚೆ ಬಾಳಿ ಹೋದವರನ್ನು ಪ್ರೀತಿಯಿಂದಲೂ ಪ್ರಾಮಾಣಿಕತೆಯಿಂದಲೂ ನೆನೆಯುವ ಕೃಪೆಯನ್ನು ನಮಗೆ ಕೊಡಿರಿ. ಕೇಳುವ ನಮ್ಮ ಮಕ್ಕಳಿಗೆ ವಿನಯವನ್ನು, ಉತ್ತರ ಹೇಳಬೇಕಾದ ನಮಗೆ ಧೈರ್ಯವನ್ನು ದಯಪಾಲಿಸಿರಿ. ಆಮೆನ್.